ತಣ್ಣಗಿದ್ದ ಹೀಟ್‌ಸಿಂಕ್

ಭುವನೇಶ್ವರಿಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಸಿಂದಗಿಯಲ್ಲಿ ಕಂಪ್ಯೂಟರ್ ರಿಪೇರಿ ಎಂದರೆ ಅವಳೇ ಎನ್ನುವಷ್ಟು ಹೆಸರಿತ್ತು. ಬಡಿಗೇರ ಯಂಕಪ್ಪನ ಹಳೇ ಡಬ್ಬಿಯೊಂದು ಆ ಮಾನ ಹರಾಜಿಗಿಡಲು ಹೊರಟಿತ್ತು. ಕಟ್ಟಿಗೆಯ ಮೇಲೆ ಚಿತ್ತಾರ ಕೊರೆಯುವ ಅವನ ಮಷಿನ್ ನಡೆಯುವುದೇ ಅದರಿಂದ. ಇಪ್ಪತ್ತು ನಿಮಿಷವಾದರೆ ಸಾಕು, ಕಂಪ್ಯೂಟರ್ ಬಂದ್. ಉಳಿ ಮುಂದೆ ಸರಿಯದೆ ನಿಂತ ಜಾಗದಲ್ಲೇ ತಿರುಗಿ, ಹಲಗೆ ಸುಟ್ಟು ಕರ್ರಗಾಗುತ್ತಿತ್ತು. ಎರಡು ತಿಂಗಳಲ್ಲಿ ಹಾಗೆ ಎರಡು ಹಲಗೆ ಹಾಳಾಗಿದ್ದವು.

ಉಳಿದದ್ದು ಒಂದೇ. ಅದರ ಒಡತಿ ಹೊರ್ತಿಯ ಶಂಕ್ರೆವ್ವ ಬೆಳಿಗ್ಗೆಯೇ ಬಸ್ಸು ಹಿಡಿದು ಬಂದು, ಹಲಗೆಯನ್ನು ಕಾಯುವವಳಂತೆ ಪಕ್ಕದಲ್ಲೇ ಕೂತಿದ್ದಳು. ತೀರಿಹೋದ ಗಂಡ ನೆಟ್ಟ ಬೇವಿನ ಮರ ಗಾಳಿಗೆ ಬಿದ್ದಿತ್ತು. ಹೊಸ ಮನೆಯ ತಲೆಬಾಗಿಲ ಮೇಲೆ ಆ ಮರದ ಒಂದು ಹಲಗೆಯಾದರೂ ಇರಲಿ ಎಂಬುದು ಅವಳ ಆಸೆ.

“ನನ್ನ ಗಿಡದಾಗ ಏನರ ದೋಷ ಐತೇನೊ ತಂಗಿ,” ಎಂದಳು. “ಊರಾಗ ಮಂದಿ ಹಂಗ ಅನ್ನಾಕತ್ತಾರ. ಇದೂ ಸುಟ್ಟರ ಒಲಿಗೆ ಹಾಕ್ತೇನಿ.”

ಭುವನೇಶ್ವರಿ ಫ್ಯಾನ್ ಬದಲಿಸಿದ್ದಾಯಿತು, ಪವರ್ ಸಪ್ಲೈ ಬದಲಿಸಿದ್ದಾಯಿತು. ಬೋರ್ಡಿನ ನಡುವೆ ಚಿಪ್‌ಸೆಟ್, ಅದರ ಬಿಸಿ ಎಳೆದುಕೊಳ್ಳಲು ಮೇಲೊಂದು ಅಲ್ಯೂಮಿನಿಯಂ ಹೀಟ್‌ಸಿಂಕ್. ದಸರೆಯ ಖಂಡೇ ಪೂಜೆಯ ದಿನ ಅದರಡಿಗೆ ಬಿಸಿ ದಾಟಿಸುವ ಹೊಸ ಪೇಸ್ಟ್ ಹಚ್ಚಿದವಳೂ ಅವಳೇ. ಆಮೇಲೆ ಬಂದಾಗಲೆಲ್ಲ ಮುಟ್ಟಿ ನೋಡಿದ್ದಳು. ತಣ್ಣಗಿತ್ತು. ತಣ್ಣಗಿದ್ದರೆ ಒಳ್ಳೆಯದೇ ಎಂದು ಬಿಟ್ಟಿದ್ದಳು.

ಇಂದೂ ಕಾಲು ಗಂಟೆ ನಡೆಸಿ ಬೆರಳಿಟ್ಟಳು. ತಣ್ಣಗೇ ಇತ್ತು. ಬೆರಳು ಜಾರಿ ಪಕ್ಕದ ಬೋರ್ಡಿಗೆ ತಾಗಿದ್ದೇ ತಡ, ಚುರ್ ಎಂದಿತು.

ಅಯ್ಯೋ, ತನ್ನ ಬುದ್ಧಿಗೆ ಮಂಕು ಬಡಿದಿತ್ತೇ! ಇದು ಬೂದಿ ಮುಚ್ಚಿದ ಕೆಂಡ. ಕೆಳಗಿನ ಬಿಸಿ ಮೇಲಕ್ಕೆ ಮುಟ್ಟಿಯೇ ಇಲ್ಲ.

ಬಂದ್ ಮಾಡಿ, ಕ್ಲಿಪ್ ಬಿಚ್ಚಿ ಎತ್ತಿದಳು. ಬೂದು ಪೇಸ್ಟಿನ ನಡುವೆ ಗಟ್ಟಿಯಾದ ಹಳದಿ ಗಂಟು.

“ಕಾಕಾ, ಇದೇನ್ರಿ?”

ಯಂಕಪ್ಪ ನೆಲ ನೋಡಿದ. “ಮಾಳಿಂಗರಾಯನ ಗುಡಿ ಅರಿಷಿಣ, ಭಂಡಾರವಾ. ಇದು ಬೋರ್ಡಿನ ನೆತ್ತಿ ಅಂತ ನೀನ ಹೇಳಿದ್ದಿ. ಪೂಜಿ ದಿನ ನೀ ಚಾ ಕುಡಿಯಾಕ ಹೋದಾಗ ಇದನ್ನ ಎತ್ತಿ, ನೆತ್ತಿಗೆ ಒಂದ ಚಿಟಿಕಿ ಇಟ್ಟಿದ್ದೆ.”

ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಚಹಾ ಕುಡಿದು ಬಂದು, ಮತ್ತೊಮ್ಮೆ ಎತ್ತಿ ನೋಡದೆ ಕ್ಲಿಪ್ ಒತ್ತಿದವರು ಯಾರು? ಅವಳಿಗೆ ನಾಚಿಕೆಯಾಯಿತು. ಅರಿವೆ ತೆಗೆದು ಒರೆಸಲು ಹೋದರೆ ಯಂಕಪ್ಪ ಕೈ ಅಡ್ಡ ತಂದ.

“ಭಂಡಾರ ಒರಸಿ ಒಗೀಬ್ಯಾಡವಾ.”

“ಇಲ್ಲಿ ಹಾಕು,” ಎಂದು ಶಂಕ್ರೆವ್ವ ಸೆರಗೊಡ್ಡಿ, ಆ ಗಂಟನ್ನು ತುದಿಯಲ್ಲಿ ಕಟ್ಟಿಕೊಂಡಳು.

ಭುವನೇಶ್ವರಿ ಹೊಸ ಪೇಸ್ಟ್ ಹಚ್ಚಿ, ಹೀಟ್‌ಸಿಂಕ್ ಒತ್ತಿ, ಎತ್ತಿ ನೋಡಿದಳು. ಪೇಸ್ಟಿನ ಗುರುತು ನಾಲ್ಕು ಮೂಲೆಗೂ ಮೂಡಿತ್ತು. ಆದರೂ ನಂಬಿಕೆ ಬರಲಿಲ್ಲ. ಎಲ್ಲ ಒರೆಸಿ ಮತ್ತೆ ಹಚ್ಚಿ ಕ್ಲಿಪ್ ಹಾಕಿದಳು. ಮೊದಲು ಹಲಗೆಯಿಲ್ಲದೆ ಬರೀ ಗಾಳಿಯಲ್ಲಿ ಉಳಿ ಓಡಿಸಿದಳು. ಬಾಗಿಲಿಗೆ ಹೋದಳು, ಬಂದಳು, ಗಡಿಯಾರ ನೋಡಿದಳು, ಬೆರಳಿಟ್ಟಳು. ಬೆಚ್ಚಗಾಯಿತು, ಬಿಸಿಯಾಯಿತು. ಅರ್ಧ ಗಂಟೆ ದಾಟಿತು. ಶಂಕ್ರೆವ್ವನ ಕೈ ಹಿಡಿದು ಅದರ ಮೇಲಿಟ್ಟಳು.

“ಸುಡಾಕತ್ತೈತಲ್ಲವಾ.”

“ಸುಡಬೇಕ್ರಿ ಆಯಿ. ಈಗ ಹಲಗಿ ಇಡ್ರಿ ಕಾಕಾ.”

ಮುಕ್ಕಾಲು ಗಂಟೆ ಉಳಿ ನಿಲ್ಲದೆ ಓಡಿತು. ಚಿತ್ತಾರದ ಕೊನೆಯ ಎಲೆ ಕೊರೆದು ಉಳಿ ಮೇಲೆದ್ದಿತು. ಹಲಗೆಯ ಮೇಲೆ ಒಂದು ಕಪ್ಪು ಚುಕ್ಕೆಯೂ ಇರಲಿಲ್ಲ.

“ಆಯಿ, ಗಿಡದಾಗ ದೋಷ ಇದ್ದಿಲ್ರಿ,” ಎಂದಳು ಭುವನೇಶ್ವರಿ. “ನಾ ಎತ್ತಿ ನೋಡಲಿಲ್ಲ. ಊರಾಗ ಹಂಗ ಹೇಳ್ರಿ.”

ಶಂಕ್ರೆವ್ವ ಸೆರಗಿನ ಗಂಟು ಬಿಚ್ಚಿ, ಆ ಭಂಡಾರವನ್ನು ಹಲಗೆಯ ತುದಿಗೆ ಹಚ್ಚಿ, ಅದಕ್ಕೆ ಹಣೆ ಮುಟ್ಟಿಸಿದಳು.

“ಎರಡ ತಿಂಗಳಾತು,” ಎಂದಳು ಹಲಗೆಗೆ, “ದಿನಾ ನಿನ್ನ ಬೈದೇನಿ.”