ಲ್ಯಾಪ್‌ಟಾಪ್ ಹುಡುಗಿಯ ಅಧ್ಯಾಯಗಳು

ಕಣ್ಣಿನ ಪೊರೆ ತೆಗೆಸಿಕೊಂಡು ಹೆಬ್ಬಾಳದ ಆಸ್ಪತ್ರೆಯಿಂದ ಕೊಡಿಗೇಹಳ್ಳಿಯ ಮನೆಗೆ ಬಂದ ಮುನಿಕೃಷ್ಣಮ್ಮನಿಗೆ ಡಾಕ್ಟರು ಹದಿನೈದು ದಿನ ಟಿವಿ ನೋಡಬಾರದು ಎಂದಿದ್ದರು. ಮೂರನೇ ದಿನಕ್ಕೇ ಅವರು ಕಂಡಕಂಡವರ ಮೇಲೆ ರೇಗತೊಡಗಿದರು. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವ ಸೊಸೆ ಸುಮಾಗೆ ಬೇಸಿಗೆ ರಜೆ. ಜೊತೆಯ ಟೀಚರ್ ಅತೀಯಾ ಕೊಟ್ಟಿದ್ದ ದಪ್ಪ ಕಾದಂಬರಿಯೊಂದು ಮನೆಯಲ್ಲಿತ್ತು.

"ಓದಿ ಹೇಳ್ಲಾ ಅತ್ತೆ?"

"ಓದು. ಗೋಡೆ ನೋಡ್ಕೊಂಡ್ ಕೂತ್ಕೊಳ್ಳೋದಕ್ಕಿಂತ ವಾಸಿ."

ಕಾದಂಬರಿಯಲ್ಲಿ ಎರಡು ಕಾಲ. ಒಂದು ಅಧ್ಯಾಯ ನೂರಿಪ್ಪತ್ತೈದು ವರ್ಷ ಹಿಂದಿನದು, ಮುಂದಿನದು ಈಗಿನದು. ಹಳೆಯ ಕಾಲದಲ್ಲಿ ಪ್ಲೇಗಿಗೆ ಹೆದರಿ ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದೆ. ಒಂದು ಮುಂಜಾನೆ ಪಟೇಲರ ತಮ್ಮನ ಹೆಂಡತಿ ಯಲ್ಲಮ್ಮ ಅಲ್ಲಿಂದ ಕಾಣೆಯಾಗುತ್ತಾಳೆ. ಕೆರೆ ಏರಿಯ ಮೇಲೆ ಅವಳ ಸೀರೆ ಸಿಗುತ್ತದೆ, ಹೆಣ ಸಿಗುವುದಿಲ್ಲ. ಈಗಿನ ಕಾಲದಲ್ಲಿ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಯಲ್ಲಮ್ಮನಿಗೆ ಏನಾಯಿತೆಂದು ಹಳೆಯ ಕಡತಗಳಲ್ಲಿ ಹುಡುಕುತ್ತಾಳೆ. ನಡುನಡುವೆ ಗೆಳೆಯನ ಜೊತೆ ಜಗಳ ಆಡುತ್ತಾಳೆ.

"ಈ ಲ್ಯಾಪ್‌ಟಾಪ್ ಹುಡ್ಗೀದು ಬ್ಯಾಡ ಕಣಮ್ಮ," ಎಂದರು ಮುನಿಕೃಷ್ಣಮ್ಮ. "ಅವ್ಳ ಕಾಫಿ, ಅವ್ಳ ಕಣ್ಣೀರು, ಯಾರಿಗ್ ಬೇಕು? ಯಲ್ಲಮ್ಮಂದು ಓದು."

ಸುಮಾಗೂ ಆ ಹುಡುಗಿ ಬೇಸರ ತರಿಸಿದ್ದಳು. ಅತ್ತೆಗೆ ಹಳೆಯ ಅಧ್ಯಾಯಗಳನ್ನಷ್ಟೇ ಓದಿ, ಬಿಟ್ಟವನ್ನು ಮಧ್ಯಾಹ್ನ ತಾನೊಬ್ಬಳೇ ಓದಿಕೊಂಡಳು. ಯಲ್ಲಮ್ಮನ ಕತೆಯಲ್ಲಿ ಮುಳುಗಿ ಒಂದು ದಿನ ಸಾರು ತಳ ಹಿಡಿಸಿದಳು. ಹುಡುಗಿಯ ಕತೆಗೆ ಬಂದರೆ ಇನ್ನೆಷ್ಟು ಪುಟ ಎಂದು ನೋಡುತ್ತಿದ್ದಳು. ಆದರೆ ಕಗ್ಗಂಟು ಬಿಡಿಸುತ್ತಿದ್ದವಳು ಆ ಹುಡುಗಿಯೇ. ಅದೇ ಅವಳಿಗೆ ಕಿರಿಕಿರಿ.

ಮುನಿಕೃಷ್ಣಮ್ಮ ಮಾತ್ರ ಐದನೇ ದಿನಕ್ಕೇ ತೀರ್ಮಾನಕ್ಕೆ ಬಂದಿದ್ದರು. "ಆ ಪಟೇಲ ಮುನಿವೆಂಕಟಯ್ಯಂದೇ ಕೆಲ್ಸ. ಪಾಲು ಕೇಳ್ತಾಳೆ ಅಂತ ಕೆರೆಗೆ ತಳ್ಳವ್ನೆ. ಬರ್ದಿಟ್ಕೋ." ಪಟೇಲನ ಹೆಸರು ಬಂದಾಗಲೆಲ್ಲ ಬಾಯಿ ತುಂಬ ಬಯ್ಯುತ್ತಿದ್ದರು.

ಎಂಟನೇ ದಿನ ಹಳೆಯ ಕಾಲದ ಅಧ್ಯಾಯಗಳು ಮುಗಿದವು. ಪಟೇಲ ಆ ಸೀರೆಯನ್ನು ಕೆರೆಗೆ ಎಸೆದು ಹಿಂತಿರುಗಿ ನೋಡದೆ ನಡೆದುಬಿಡುತ್ತಾನೆ, ಅಷ್ಟೇ. ಉತ್ತರವಿದ್ದದ್ದು ಹುಡುಗಿಯ ಕೊನೆಯ ಅಧ್ಯಾಯದಲ್ಲಿ. ಸುಮಾ ಅದನ್ನು ಹಿಂದಿನ ದಿನವೇ ಓದಿದ್ದಳು. ಯಲ್ಲಮ್ಮ ಸತ್ತಿರಲೇ ಇಲ್ಲ. ಸೀರೆಯನ್ನು ತಾನೇ ಬಿಟ್ಟು, ಬೆಂಗಳೂರಿಗೆ ನಡೆದು, ಪ್ಲೇಗಿನ ಆಸ್ಪತ್ರೆಯಲ್ಲಿ ದಾದಿಯಾಗಿ, ಬೇರೆ ಹೆಸರಿನಲ್ಲಿ ನಲವತ್ತು ವರ್ಷ ಬಾಳಿದ್ದಳು. ಹುಡುಗಿಗೆ ಇದು ತಿಳಿಯುವುದು ಒಂದು ಟ್ರಂಕಿನ ತಳದಲ್ಲಿ ಸಿಕ್ಕ ಕಾಗದದಿಂದ. ಇಷ್ಟು ದೊಡ್ಡ ಗಂಟಿಗೆ ಒಂದೇ ಒಂದು ಕಾಗದವೇ ಎಂದು ಸುಮಾಗೆ ಸಿಟ್ಟು ಬಂತು. ಅದೇ ಕಾಗದವನ್ನು ಎರಡನೇ ಸಲ ಓದುವಾಗ ಅಳು ಬಂತು. ಅತ್ತಿದ್ದಕ್ಕೆ ಮತ್ತೆ ಸಿಟ್ಟು ಬಂತು.

"ಆಮೇಲೆ?" ಎಂದರು ಅತ್ತೆ.

ಅವರನ್ನು ನಿರಾಸೆಗೊಳಿಸಲು ಸುಮಾಗೆ ಮನಸ್ಸಾಗಲಿಲ್ಲ. ಪುಸ್ತಕದ ಮೇಲೆ ಕಣ್ಣಿಟ್ಟುಕೊಂಡೇ, ಪಟೇಲ ಸಾಯುವಾಗ ಎಲ್ಲವನ್ನೂ ಒಪ್ಪಿಕೊಂಡನೆಂದು ಬಾಯಿಗೆ ಬಂದಂತೆ ಕಟ್ಟಿ ಹೇಳಿದಳು.

ಮುನಿಕೃಷ್ಣಮ್ಮ ಕೊನೆಯವರೆಗೂ ಕೇಳಿದರು. "ನೀನು ಪುಟಾನೇ ತಿರುವ್ಲಿಲ್ಲ. ಕಣ್ಣಿಗೆ ತಾನೇ ಆಪರೇಸನ್ ಆಗಿರೋದು, ಕಿವಿಗಲ್ವಲ್ಲ. ಅದ್ರಲ್ಲಿ ಏನೈತೋ ಅದನ್ನ ಓದು."

ಸುಮಾ ನಾಚಿಕೆಯಿಂದ ಪುಟ ತಿರುಗಿಸಿ ಆ ಕಾಗದವನ್ನು ಇದ್ದ ಹಾಗೇ ಓದಿದಳು. ಅತ್ತೆ ಖುಷಿಯನ್ನೂ ಪಡಲಿಲ್ಲ, ಬಯ್ಯಲೂ ಇಲ್ಲ. ಮದುವೆಯಾಗಿ ಹದಿನಾರು ವರ್ಷದಲ್ಲಿ ಸುಮಾ ಎಂದೂ ಕೇಳಿರದ ಸಂಗತಿಯೊಂದನ್ನು ಹೇಳಿದರು.

"ರಾಜಾನುಕುಂಟೇಲಿ ನಮ್ ದೊಡ್ಡಮ್ಮ ಇದ್ಲು, ಮಾರಮ್ಮ ಅಂತ. ಮಕ್ಕಳಿರ್ಲಿಲ್ಲ. ನಾನು ಅವ್ಳ ಮಗ್ಗುಲಲ್ಲೇ ಮಲಗ್ತಿದ್ದೆ. ನಂಗೆ ಏಳು ವರ್ಷ ಇದ್ದಾಗ ನೀರಿಗ್ ಹೋದೋಳು ಬರ್ಲೇ ಇಲ್ಲ. ಬಾವಿ ಕಟ್ಟೆ ಮ್ಯಾಲೆ ಬಿಂದಿಗೆ ಇತ್ತು. ನೀರೆಲ್ಲ ಎತ್ಸಿದ್ರು, ಸಿಗ್ಲಿಲ್ಲ. ತಳದ ಊಳಲ್ಲಿ ಸಿಕ್ಕೊಂಡವ್ಳೆ ಅಂದ್ಬುಟ್ಟು ತಿಥಿ ಮಾಡುದ್ರು. ದೊಡ್ಡಪ್ಪನೇ ತಳ್ದ ಅಂತ ನಾನು ಅವ್ನು ಸಾಯೋಗಂಟ ಮಾತಾಡುಸ್ಲಿಲ್ಲ. ಮಣ್ಣಿಗೂ ಓಗ್ಲಿಲ್ಲ. ಅವ್ಳೂ ಇಂಗೇ ಓಗಿದ್ರೆ?"

"ಎಲ್ಲೋ ಬದುಕಿದ್ರು ಅಂದ್ರೆ ಒಳ್ಳೇದೇ ಅಲ್ವಾ ಅತ್ತೆ?"

"ಒಳ್ಳೇದೇ. ಆದ್ರೆ ನಂಗೆ ಒಂದ್ ಮಾತು ಏಳ್ಬಾರ್ದಾಗಿತ್ತಾ?"

ಸುಮಾ ಪುಸ್ತಕ ಮುಚ್ಚಿಟ್ಟಳು.

ಹದಿನೈದು ದಿನ ಕಳೆದ ಮೇಲೆ ಒಂದು ಭಾನುವಾರ ಮುನಿಕೃಷ್ಣಮ್ಮ ಕಪ್ಪು ಕನ್ನಡಕ ಹಾಕಿಕೊಂಡು ರಾಜಾನುಕುಂಟೆಗೆ ಹೊರಟು ನಿಂತರು. ಮಗ ನರೇಂದ್ರ ಕಾರು ತೆಗೆದ. ದೊಡ್ಡಪ್ಪ ಎರಡನೇ ಮದುವೆಯಾಗಿದ್ದ. ಆ ಹೆಂಡತಿಯ ಮಗ ಪಿಳ್ಳಪ್ಪ ಹಳೆಯ ಮನೆಯ ಜಾಗದಲ್ಲಿ ತಾರಸಿ ಮನೆ ಕಟ್ಟಿಕೊಂಡಿದ್ದ. ಬಾಗಿಲಲ್ಲಿ ಅವರನ್ನು ಕಂಡು ದಂಗಾದ.

"ಯಾಕಕ್ಕ, ಏನಾಯ್ತು?"

"ಏನಿಲ್ಲ ಕಣಪ್ಪ. ಸುಮ್ನೆ ಬಂದೆ."

ಕಾಫಿ ಆಯಿತು. ಹೊಸ ಲೇಔಟು, ಮಕ್ಕಳ ಮದುವೆ, ಎಲ್ಲ ಮಾತಾಯಿತು. ಏಳುವ ಹೊತ್ತಿಗೆ ಮುನಿಕೃಷ್ಣಮ್ಮ ಗೋಡೆಯ ಮೇಲಿದ್ದ ದೊಡ್ಡಪ್ಪನ ಫೋಟೋದ ಮುಂದೆ ನಿಂತರು.

"ಮೊದಲ್ನೇ ಎಂಡ್ತಿ ವಿಚಾರ ನಿಮ್ಮಪ್ಪ ಯಾವತ್ತಾದ್ರೂ ಮಾತಾಡಿದ್ನಾ?"

"ಇಲ್ಲಕ್ಕ. ಆದ್ರೆ ದೊಡ್ಡಬಳ್ಳಾಪುರದ ಸಂತೆಗೆ ಹೋದ್ರೆ ವ್ಯಾಪಾರ ಬುಟ್ಟು ಎಂಗಸ್ರ ಮುಖಾನೇ ನೋಡ್ಕೊಂಡು ನಿಂತ್ಬುಡೋನು. ನಮ್ಮವ್ವ ಅದಕ್ಕೇ ಜಗಳ ತೆಗೀತಿದ್ಲು."

ಮುನಿಕೃಷ್ಣಮ್ಮ ಫೋಟೋದ ಹತ್ತಿರ ಹೋಗಿ ಮತ್ತೊಮ್ಮೆ ನೋಡಿದರು.

ಕಾರು ಯಲಹಂಕ ದಾಟಿತು. ಮುನಿಕೃಷ್ಣಮ್ಮ ಕೇಳಿದರು: "ತಪ್ಪು ಮಾಡ್ದೋನೂ ಅಂಗೆ ಉಡುಕ್ಬೋದು, ಅಲ್ವಾ? ಜನ ನೋಡ್ಲಿ ಅಂತ?"

"ಇರಬಹುದು ಅತ್ತೆ."

"ತಪ್ಪು ಮಾಡ್ದೆ ಇರೋನೂ ಉಡುಕ್ಬೋದು."

"ಹೂಂ."

"ಆ ಪುಸ್ತಕ ತರಬಾರ್ದಿತ್ತು ಕಣೇ ನೀನು," ಎಂದು ಸೊಸೆಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು. ಮನೆ ಬರುವವರೆಗೂ ಬಿಡಲಿಲ್ಲ.