ಬಾಗಿದ ಕಿರುಬೆರಳು

ಸಂಗೀತ ನಿರ್ದೇಶಕ ಗುರುಶಾಂತಪ್ಪನವರು ತೀರಿಕೊಂಡ ಎರಡು ವರ್ಷಕ್ಕೆ, ಜೆ.ಪಿ. ನಗರದ ಪಾರ್ಕಿನಲ್ಲಿ ಅವರ ಪ್ರತಿಮೆ ನಿಲ್ಲಿಸುವುದೆಂದಾಯಿತು. ಹಾರ್ಮೋನಿಯಂ ನುಡಿಸುತ್ತಾ ಕೂತ ಭಂಗಿ. ಮುಖಕ್ಕೆ ಫೋಟೋಗಳು ಬೇಕಾದಷ್ಟಿದ್ದವು, ಬೆರಳು ಕಾಣುವಂಥದ್ದು ಒಂದೂ ಇರಲಿಲ್ಲ. ಆಗ ಶಿಲ್ಪಿ ಮಹಾಂತೇಶ ಜರಗನಹಳ್ಳಿಯ ನಮ್ಮ ಬಾಡಿಗೆ ಮನೆ ಹುಡುಕಿಕೊಂಡು ಬಂದ. ನಮ್ಮ ಯಜಮಾನರು ಪಾಪಯ್ಯ ಮೂವತ್ತೆಂಟು ವರ್ಷ ಗುರುಶಾಂತಪ್ಪನವರ ಸಹಾಯಕರಾಗಿದ್ದವರು. ಹಾರ್ಮೋನಿಯಂ ಮೇಲೆ ಅವರ ಹಾಗೆಯೇ ಬೆರಳಿಡುವವರು ಇವರನ್ನು ಬಿಟ್ಟರೆ ಬೇರೆ ಯಾರೂ ಉಳಿದಿರಲಿಲ್ಲ.

ಸಹಾಯಕ ಅನ್ನುವುದು ಬಾಯಿಮಾತು. ಎಷ್ಟೋ ಟ್ಯೂನುಗಳು ಹುಟ್ಟಿದ್ದು ನಮ್ಮ ಅಡುಗೆಮನೆ ಬಾಗಿಲಲ್ಲಿ. ಸೊಪ್ಪು ಬಿಡಿಸುತ್ತಾ ನಾನೇ ಕೇಳಿದ್ದೇನೆ. ಆಮೇಲೆ ಒಂದು ಕ್ಯಾಸೆಟ್ಟಿನ ಮೇಲೂ ಇವರ ಹೆಸರಿಲ್ಲ. ಹೋಗಿ ಕೇಳಿ ಅಂದರೆ ಸುಮ್ಮನಿರುತ್ತಿದ್ದರು. ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನಂತೆ. ಇವರಿಗೆ ಆ ಬಾಯಿಯೇ ಇಲ್ಲ.

ವಾರವಿಡೀ ಇವರು ಮಹಾಂತೇಶನ ಶೆಡ್ಡಿನಲ್ಲಿ, ಪ್ರತಿಮೆಯ ಕೈಗಳಿಗೆ ಮಾದರಿಯಾಗಿ ಎರಡೂ ಕೈ ಚಾಚಿ ಕೂತರು. ಜೇಡಿಮಣ್ಣಿನ ಮಾದರಿ ಮುಗಿದ ದಿನ ನನ್ನನ್ನೂ ಕರೆದೊಯ್ದರು. ನೋಡಿದರೆ, ಬಲಗೈಯ ಕಿರುಬೆರಳು ಒಳಕ್ಕೆ ಬಾಗಿತ್ತು. ಅದು ಇವರದೇ ಬೆರಳು. ಗುರುಶಾಂತಪ್ಪನವರ ಹಾರ್ಮೋನಿಯಂ ಹೊತ್ತು ಬನಶಂಕರಿಯಲ್ಲಿ ಬಸ್ಸಿಳಿಯುವಾಗ ಬಾಗಿಲಿಗೆ ಸಿಕ್ಕಿ ಮುರಿದದ್ದು, ಮತ್ತೆ ನೆಟ್ಟಗಾಗಲೇ ಇಲ್ಲ. ಹೆಸರಿಲ್ಲದಿದ್ದರೆ ಹೋಗಲಿ, ಒಂದು ಬೆರಳಾದರೂ ಕಂಚಿನಲ್ಲಿ ಉಳಿಯುತ್ತದಲ್ಲ ಎಂದು ನನಗೆ ಎಷ್ಟು ಸಂತೋಷವಾಯಿತೋ.

ಅಷ್ಟರಲ್ಲಿ ಪ್ರತಿಮೆ ಸಮಿತಿಯ ವಿಜಯಕುಮಾರ್ ಬಂದರು. ಒಂದು ಸುತ್ತು ಹಾಕಿ, ಕೈಯ ಹತ್ತಿರ ನಿಂತರು.

"ಗುರುಶಾಂತಪ್ಪ ಸಾರ್ ಬೆರಳು ಹಿಂಗಿತ್ತಾ?"

ಮಹಾಂತೇಶ ಇವರ ಮುಖ ನೋಡಿದ. ಹೂಂ ಅಂದಿದ್ದರೆ ಸಾಕಿತ್ತು. ನಾನು ಹಿಂದಿನಿಂದ ಅಂಗಿ ಹಿಡಿದು ಎಳೆದೆ.

"ಇಲ್ಲ ಸಾರ್. ಅವರದು ನೆಟ್ಟಗಿತ್ತು," ಅಂದರು ಇವರು.

ಮಹಾಂತೇಶ ಹೆಬ್ಬೆರಳನ್ನು ನೀರಿಗದ್ದಿ ಒಮ್ಮೆ ಒತ್ತಿದ. ಅಷ್ಟೇ, ಬೆರಳು ನೆಟ್ಟಗಾಯಿತು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ನಮ್ಮ ಪಾಲಿಗೆ ಪೂಜಾರಿಯೂ ಇವರೇ ಆದರು. ಮೂವತ್ತೆಂಟು ವರ್ಷ ಬಾಯಿ ಬಿಡದವರು ಕೊನೆಗೆ ಬಾಯಿ ಬಿಟ್ಟದ್ದು ಇದಕ್ಕೆ. ಮನೆ ಸೇರುವವರೆಗೂ ಬೈಯಲು ಹೋದರೆ ಅಳು ಬರುತ್ತಿತ್ತು.

ಅನಾವರಣದ ದಿನ ಹಗ್ಗದ ಈಚೆ, ಜನರ ನಡುವೆ ನಿಂತೆವು. ವೇದಿಕೆಯಲ್ಲಿ ಯಾರೋ ಗುರುಶಾಂತಪ್ಪನವರ ಬೆರಳುಗಳನ್ನೇ ಹೊಗಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು, ಇವರೂ ತಟ್ಟಿದರು.

"ನೋಡೇ, ಈಗ ಥೇಟ್ ಅವರ ಕೈನೇ," ಅಂದರು.

ಉಳಿದ ಒಂಬತ್ತು ಬೆರಳೂ ತಮ್ಮವೇ ಎಂಬುದು ಅವರಿಗೇ ಮರೆತುಹೋಗಿತ್ತು.