ಹಿತ್ತಲ ಮನೆಯ ಒಲೆ

ಪುರಸಭೆಯ ಓವರ್ಸಿಯರ್ ಲಕ್ಷ್ಮಯ್ಯ ಸೈಕಲ್ಲನ್ನು ಜಗುಲಿಗೆ ಒರಗಿಸಿ, ಚೀಲದಿಂದ ನೀಲಿ ನಕ್ಷೆಯ ಸುರುಳಿ ಈಚೆ ತೆಗೆದಾಗ ಸರ್ವಮಂಗಳೆಯ ಎದೆ ಧಸಕ್ಕೆಂದಿತು. ಎರಡು ತಿಂಗಳಿಂದ ಅವನ ದಾರಿ ಕಾದವಳೂ ಅವಳೇ. ಆ ಸುರುಳಿಯಲ್ಲಿ ಏನಿದೆ ಎನ್ನುವುದು ಅವಳಿಗೂ ಅವಳ ಗಂಡ ಬಸವರಾಜಪ್ಪನಿಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಅತ್ತೆ ಗಿರಿಜಾಂಬಿಕಮ್ಮನಿಗೆ ಮಾತ್ರ. ಮನೆ, ಹಿತ್ತಲು ಎಲ್ಲ ಇದ್ದದ್ದು ಅತ್ತೆಯ ಖಾತೆಯಲ್ಲಿ. ಅವರ ರುಜು ಬೀಳದೆ ತಿಪಟೂರಿನ ಆ ಹಿತ್ತಲಲ್ಲಿ ಒಂದು ಇಟ್ಟಿಗೆಯೂ ಏಳುವಂತಿರಲಿಲ್ಲ.

ನಕ್ಷೆಯಲ್ಲಿದ್ದದ್ದು ಒಂದು ಕೋಣೆ, ಒಂದು ಬಚ್ಚಲು, ಒಂದು ಅಡುಗೆಮನೆ. ಅತ್ತೆಗೆ ಹೇಳಿದ್ದು ಕೊಬ್ಬರಿಗೆ ಹೊಸದೊಂದು ಅಟ್ಟ ಎಂದು.

ಈ ಸುಳ್ಳು ಬಸವರಾಜಪ್ಪನದು. ಕೊಬ್ಬರಿ ಹರಾಜಿನಲ್ಲಿ ಹತ್ತು ಜನ ದಲ್ಲಾಳಿಗಳನ್ನು ಒಂದೇ ಮಾತಲ್ಲಿ ಸುಮ್ಮನಾಗಿಸುವ ಗಂಡಸು ಹೆತ್ತ ತಾಯಿಯ ಎದುರು ನಿಂತರೆ ಉಗುಳು ನುಂಗುತ್ತಿದ್ದ. "ಲೈಸೆನ್ಸ್ ಕೈಗೆ ಬರ್ಲಿ ಕಣೇ, ಆಮೇಲೆ ನಾನೇ ನಿಧಾನಕ್ಕೆ ಹೇಳ್ತೀನಿ" ಎಂದು ಹೆಂಡತಿಗೆ ಮಾತು ಕೊಟ್ಟಿದ್ದ. ಇಂಥ ಗಂಡಸರ ನಿಧಾನಕ್ಕೆ ಯುಗಗಳು ಸಾಲವು.

ಸರ್ವಮಂಗಳೆ ಈ ಮನೆಗೆ ಕಾಲಿಟ್ಟು ಹದಿನಾಲ್ಕು ವರ್ಷವಾಗಿತ್ತು. ಇಬ್ಬರು ಹೆಣ್ಣುಮಕ್ಕಳು ಸ್ಕೂಲಿಗೆ ಹೋಗುವಷ್ಟು ದೊಡ್ಡವರಾಗಿದ್ದರು. ಆದರೂ ಇವತ್ತು ಸಾರಿಗೆ ಹುರುಳಿಯೋ ಅವರೆಯೋ ಎಂದು ಅವಳು ಒಂದು ದಿನವೂ ತೀರ್ಮಾನಿಸಿದ್ದಿಲ್ಲ. ಅತ್ತೆ ಕೆಟ್ಟವರಲ್ಲ. ಕೈ ಎತ್ತಿದವರಲ್ಲ, ತವರನ್ನು ಹಳಿದವರೂ ಅಲ್ಲ. ಒಲೆಯ ಮುಂದಿನ ಮಣೆ ಬಿಟ್ಟು ಏಳುತ್ತಿರಲಿಲ್ಲ, ಅಷ್ಟೆ. ಒಬ್ಬ ಹೆಂಗಸಿನ ಆಯಸ್ಸು ಸವೆಯುವುದಕ್ಕೆ ಅಷ್ಟೇ ಸಾಕು. ಆದರೆ ಎರಡನೇ ಒಲೆ ಹೊತ್ತಿತೆಂದರೆ ಮನೆ ಒಡೆಯಿತು ಎಂದೇ ಈ ಸೀಮೆಯ ಲೆಕ್ಕ. ಅದಕ್ಕೇ ಆ ಮಾತು ಇಷ್ಟು ವರ್ಷ ಯಾರ ಬಾಯಿಂದಲೂ ಹೊರಟಿರಲಿಲ್ಲ.

ಲಕ್ಷ್ಮಯ್ಯ ಹಿತ್ತಲಿಗೆ ಬಂದು ಟೇಪು ಬಿಚ್ಚಿದ. ಬಸವರಾಜಪ್ಪ ಅದರ ಒಂದು ತುದಿ ಹಿಡಿದು ಕಾಂಪೌಂಡಿನ ಕಡೆಗೆ ಹೋದ. ತೆಂಗಿನ ಮರ ಬಿಟ್ಟು ಎಷ್ಟಡಿ, ಪಕ್ಕದವರ ಗೋಡೆ ಬಿಟ್ಟು ಎಷ್ಟಡಿ ಎಂದು ಅಳೆದರು. ಗಿರಿಜಾಂಬಿಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ನೋಡುತ್ತ ನಿಂತಿದ್ದರು. ಸರ್ವಮಂಗಳೆ ಹಿತ್ತಲ ಬಾಗಿಲು ಬಿಟ್ಟು ಕದಲಲಿಲ್ಲ. ಅಳತೆ ಮುಗಿಯಲಿ, ರುಜು ಬೀಳಲಿ, ಇವನು ಸೈಕಲ್ ಹತ್ತಲಿ ಎಂದು ಮನಸ್ಸಿನಲ್ಲೇ ಮನೆದೇವರಿಗೆ ಮೊರೆಯಿಟ್ಟಳು.

"ಇದು ಬಚ್ಚಲಿನ ಗೋಡೆ," ಎಂದ ಲಕ್ಷ್ಮಯ್ಯ, ನಕ್ಷೆಯ ಮೇಲೆ ಬೆರಳಿಟ್ಟು. "ಒಲೆ ಎಲ್ಲಿ ಬತ್ತದೆ ಯಜಮಾನ್ರೇ? ಹೊಗೆ ಪಕ್ಕದ ಮನೆಗೆ ನುಗ್ಗಿದ್ರೆ ನಾಳೆ ಅವರು ನನ್ನ ಹತ್ರ ಬತ್ತಾರೆ."

"ಒಲೆನಾ?" ಎಂದರು ಗಿರಿಜಾಂಬಿಕಮ್ಮ. "ಯಾವ ಒಲೆ?"

ಬಸವರಾಜಪ್ಪನ ಕೈಯಿಂದ ಟೇಪು ಜಾರಿತು. "ಅದೇ... ಅಟ್ಟದ ಕೆಳಗೆ ಹೊಗೆ ಹಾಕೋಕೆ ಕಣಮ್ಮ. ಮಳೆಗಾಲದಾಗೆ ಕಾಯಿ ಥಂಡಿ ಹಿಡೀತದಲ್ಲ."

ಕಾಯಿಯನ್ನು ವರ್ಷವಿಡೀ ಅಟ್ಟದ ಮೇಲೆ ಒಣಗಲು ಬಿಟ್ಟು ಕೊಬ್ಬರಿ ಮಾಡುವ ಊರಿನಲ್ಲಿ ಇದು ನಂಬುವಂಥ ಮಾತೇ. ಆದರೆ ಬಸವರಾಜಪ್ಪ ಅದನ್ನು ಹೇಳಿದ್ದು ನಲವತ್ತು ವರ್ಷ ಕಾಯಿಗೆ ಹೊಗೆ ಹಾಕಿದ ಹೆಂಗಸಿಗೆ.

"ಹೊಗೆ ಹಾಕಾಕೆ ನೆಲದಾಗೆ ಒಂದು ಕುಣಿ ಸಾಕು ಕಣಪ್ಪ," ಎಂದರು ಅವರು. "ಬಚ್ಚಲು ಯಾಕೆ? ಕಾಯಿಗೆ ಸ್ನಾನ ಮಾಡಿಸ್ತೀಯಾ?"

ಲಕ್ಷ್ಮಯ್ಯ ತಾಯಿಯನ್ನೂ ಮಗನನ್ನೂ ಒಂದೊಂದು ಸಲ ನೋಡಿ ಪೆನ್ನಿಗೆ ಮುಚ್ಚಳ ಹಾಕಿದ. "ನೋಡಿ ಯಜಮಾನ್ರೇ, ಮಾಲು ಇಡೋಕಾದ್ರೆ ಅರ್ಜಿನೇ ಬೇರೆ. ಮನೆಗಳ ಮಧ್ಯೆ ಗೋಡೌನಿಗೆ ಲೈಸೆನ್ಸ್ ಸಿಗಾಕಿಲ್ಲ. ವಾಸಕ್ಕೋ ಮಾಲಿಗೋ, ಒಂದು ಹೇಳಿ. ಬರ್ಕಂಡು ಹೋಯ್ತೀನಿ."

ಬಸವರಾಜಪ್ಪ ತುಟಿ ಸವರಿಕೊಂಡ. ಅವನ ಬಾಯಲ್ಲಿ ಯಾವ ಮಾತು ಬರುತ್ತಿದೆ ಎಂದು ಹದಿನಾಲ್ಕು ವರ್ಷ ಸಂಸಾರ ಮಾಡಿದವಳಿಗೆ ಗೊತ್ತಾಗದೆ ಇದ್ದೀತೆ? ಮಾಲಿಗೆ ಎಂದುಬಿಟ್ಟರೆ ಅರ್ಜಿ ಇವತ್ತಿಗೇ ವಜಾ. ಇನ್ನೊಂದು ಅರ್ಜಿ ಹಾಕುವ ಗುಂಡಿಗೆ ಅವನಿಗೆ ಈ ಜನ್ಮದಲ್ಲಿ ಬರುವುದಿಲ್ಲ. ಸರ್ವಮಂಗಳೆ ಮೆಟ್ಟಿಲಿಳಿದಳು.

"ವಾಸಕ್ಕೆ ಸಾರ್," ಎಂದಳು. ತನ್ನ ದನಿ ತನಗೇ ಬೇರೆಯಾಗಿ ಕೇಳಿತು. "ಒಲೆ ನಂದು."

ಗಿರಿಜಾಂಬಿಕಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮೆಲ್ಲಗೆ ಕೂತರು. ಬೈದುಬಿಡಲಿ, ಅತ್ತುಬಿಡಲಿ, ಏನಾದರೂ ಒಂದು ಆಗಲಿ ಎನ್ನಿಸಿತು ಸರ್ವಮಂಗಳೆಗೆ.

"ನಂಗೆ ಒಲೆ ಸಿಕ್ಕಿದ್ದು ನಮ್ಮತ್ತೇನ ಮಣ್ಣು ಮಾಡಿದ ದಿನ," ಎಂದರು ಅತ್ತೆ. "ಇಪ್ಪತ್ತೆರಡು ವರ್ಷ ಕಾದಿದ್ದೆ. ನೀನೂ ಹಂಗೇ ಕಾಯ್ತಾ ಇದೀಯ ಅಂತ ಗೊತ್ತಿತ್ತು ಕಣೇ. ಬೆಳಿಗ್ಗೆ ಎದ್ದು ನಿನ್ನ ಮುಖ ನೋಡಿದ್ರೆ ಗೊತ್ತಾಯ್ತಿತ್ತು."

ಸರ್ವಮಂಗಳೆ ಇಲ್ಲ ಎನ್ನಬೇಕೆಂದು ಬಾಯಿ ತೆರೆದಳು. ಹೋದ ಮಳೆಗಾಲದಲ್ಲಿ ಅತ್ತೆ ಜ್ವರದಿಂದ ಹಾಸಿಗೆ ಹಿಡಿದ ಒಂಬತ್ತು ದಿನ ಒಲೆಯ ಮುಂದೆ ಕೂತು ತಾನು ಹಾಡು ಗುನುಗಿದ್ದು ನೆನಪಾಯಿತು. ನಾಚಿಕೆಯಿಂದ ಮುಖ ಬಿಸಿಯಾಯಿತು.

"ನಾನು ಬದುಕಿರೋವಾಗ್ಲೇ ಕೇಳಿದೆಯಲ್ಲ, ಒಳ್ಳೇದಾಯ್ತು ಬುಡು," ಎಂದು ಅತ್ತೆ ಎದ್ದರು. "ಲಕ್ಷ್ಮಯ್ಯ, ವಾಸಕ್ಕೇ ಅಂತ ಬರ್ಕಳಿ. ಒಲೆ ಆ ಮೂಲೆಗೆ ಬ್ಯಾಡ. ಪಡುವಲ ಗಾಳಿ ಹೊಗೇನೆಲ್ಲ ಒಳಕ್ಕೇ ತಳ್ತದೆ. ಈ ಮೂಲೆಗಿರ್ಲಿ."

"ವಾಸ ಮಾಡೋರು ಮಗ, ಸೊಸೆ ಅಂತ ಹಾಕ್ಲಾ ಅಮ್ಮ?"

"ಅವರು ನಾಕು ಜನ ಈ ಗೂಡಿನಾಗೆ ಹೆಂಗಿದ್ದಾರು? ಅವರು ದೊಡ್ಡ ಮನೇಲೇ ಇರ್ಲಿ. ಇಲ್ಲಿಗೆ ಗಿರಿಜಾಂಬಿಕಾ ಅಂತ ಹಾಕಿ. ಒಬ್ಬಳೇ."

"ಅಮ್ಮಾ, ಜನ ಏನಂದಾರು..." ಎಂದು ಬಸವರಾಜಪ್ಪ ರಾಗ ಎಳೆದ.

"ನೀನು ಸುಮ್ಕಿರಪ್ಪ. ಅಟ್ಟ ಕಟ್ಸೋನು." ಅವರು ಮಗನ ಕಡೆ ತಿರುಗಲೂ ಇಲ್ಲ. ಸೊಸೆಯನ್ನೇ ನೋಡುತ್ತಿದ್ದರು. "ಏನಮ್ಮ? ಆಗ್ಬೋದಾ?"

ಬೇಡ ಅತ್ತೆ, ನಾವೇ ಹೋಗ್ತೀವಿ ಎನ್ನಬೇಕಿತ್ತು. ಲೋಕ ಒಪ್ಪುವ ಮಾತು ಅದೇ, ಅವಳ ಮನಸ್ಸಾಕ್ಷಿ ಒಪ್ಪುವ ಮಾತೂ ಅದೇ. ಗಂಟಲವರೆಗೆ ಬಂತು ಕೂಡ. ಆದರೆ ದೊಡ್ಡ ಅಡುಗೆಮನೆ, ಅದರ ಒಲೆ, ಆ ಮಣೆ ಕಣ್ಣ ಮುಂದೆ ಬಂದು ನಿಂತವು. ಸಂಕಟಕ್ಕಿಂತ ಒಂದು ಗುಲಗಂಜಿ ತೂಕ ಹೆಚ್ಚಾಗಿ ಸಂತೋಷವಾಯಿತು. ಅದಕ್ಕಾಗಿ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಆಗ್ಲಿ ಅತ್ತೆ," ಎಂದಳು.

ಗಿರಿಜಾಂಬಿಕಮ್ಮ ತಲೆಯಾಡಿಸಿದರು. ಕಾಗದವನ್ನು ಕಲ್ಲಿನ ಮೇಲಿಟ್ಟು ಒಂದೊಂದೇ ಅಕ್ಷರ ಕೂಡಿಸಿ ರುಜು ಮಾಡಿದರು. ಹದಿನೈದು ದಿನದಲ್ಲಿ ಲೈಸೆನ್ಸ್ ಬರುತ್ತದೆ ಎಂದ ಲಕ್ಷ್ಮಯ್ಯ ನಕ್ಷೆ ಸುತ್ತಿಕೊಂಡು, ಬಿಸಿಲು ಜಾಸ್ತಿ, ಒಂದು ಲೋಟ ಮಜ್ಜಿಗೆ ಸಿಕ್ಕರೆ ಆಗುತ್ತಿತ್ತು ಎಂದ.

ಅತ್ತೆ ಎಂದಿನಂತೆ ಬಿರಬಿರನೆ ಒಳಗೆ ನಡೆದರು. ಸರ್ವಮಂಗಳೆ ಎಂದಿನಂತೆ ಅವರ ಹಿಂದೆ ಹೋದಳು. ಅಡುಗೆಮನೆಯ ಹೊಸ್ತಿಲ ಬಳಿ ಗಿರಿಜಾಂಬಿಕಮ್ಮ ತಟ್ಟನೆ ನಿಂತುಬಿಟ್ಟರು. ಎತ್ತಿದ ಬಲಗಾಲನ್ನು ಹಿಂದಕ್ಕೆ ತೆಗೆದುಕೊಂಡು, ಗೋಡೆಯ ಕಡೆಗೆ ಸರಿದು ದಾರಿ ಬಿಟ್ಟರು.

"ನೀನೇ ಕೊಡಮ್ಮ," ಎಂದರು.